ಹುಲಿಗೆಮ್ಮನ ಕೆಂಪು ಮಣಿ

ಹರಪನಹಳ್ಳಿ ದಾಟಿದ ಮೇಲೆ ಬಸ್ಸಿನ ಚಾಲಕನ ಕೊರಳಲ್ಲಿದ್ದ ಮಣಿ ಹಳದಿಯಿಂದ ಕೆಂಪಿಗೆ ತಿರುಗಿತು. ಆತ ಅದನ್ನು ಕನ್ನಡಿಯಲ್ಲಿ ಕಂಡು, ಗಾಬರಿಯಾಗದೆ, ಬಸ್ಸನ್ನು ಒಂದು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದ. ಒಳಗಿದ್ದವರು ಯಾರೂ ಗೊಣಗಲಿಲ್ಲ.

“ಕೆಂಪಾತೇನಪಾ?” ಎಂದಳು ಮುಂದಿನ ಸೀಟಿನಲ್ಲಿದ್ದ ಹೆಂಗಸು.

“ಹೌದ್ರಿ ಯವ್ವಾ. ಮಗಳು ಹೆರಿಗಿಗಂತ ದವಾಖಾನಿ ಸೇರ್ಯಾಳ. ಚೊಚ್ಚಲು.”

“ಅದನ್ನ ಎದ್ಯಾಗಿಟ್ಕೊಂಡು ಗಾಡಿ ಹೊಡ್ಯಾಕತ್ತೀಯಲ್ಲೋ ಮಾರಾಯಾ! ಇಳಿ, ಮೊದ್ಲು ಫೋನ್ ಹಚ್ಚು.”

ಆತ ಇಳಿದು ಫೋನ್ ಹಚ್ಚಿದ. ಯಾರೋ ಬಾಟಲಿಯಲ್ಲಿದ್ದ ಮಜ್ಜಿಗೆ ಕೊಟ್ಟರು. ಇನ್ನೂ ಹೊತ್ತಿದೆ, ಮಗಳು ಆರಾಮಾಗಿದ್ದಾಳೆ ಎಂಬ ಸುದ್ದಿ ಬಂತು. ಮರದಡಿ ನಿಂತವರು ತಮ್ಮ ತಮ್ಮ ಮನೆಯ ಹೆರಿಗೆಗಳ ಕತೆ ಹೇಳಿ ನಗುವಷ್ಟರಲ್ಲಿ ಮಣಿ ಮೆಲ್ಲಗೆ ಹಳದಿಗಿಳಿಯಿತು. ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಬಿಳಿ ಗಡ್ಡದ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದರು. ಆ ಮಣಿಯನ್ನು ಮಾಡಿದವರು ಅವರೇ ಎಂಬುದು ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದು ನಮ್ಮ ಮೊಮ್ಮಕ್ಕಳು ದುಡಿಯುವ ವಯಸ್ಸಿಗೆ ಬರುವ ಕಾಲದ ಮಾತು. ಧಾರವಾಡದ ಡಾಕ್ಟರ್ ಇಂದುಧರ ಸಾಲಿಮಠ ಅವರು ತಮ್ಮ ಯಂತ್ರಕ್ಕೆ ಇಟ್ಟ ಹೆಸರು ಮನೋಭಾರಮಾಪಕ. ಜನ ಕರೆದದ್ದು ಎದೆಮಣಿ. ಮನಸ್ಸಿಗೆ ಕಷ್ಟ ಬಂದಾಗ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಅದರ ಸುಳಿವು ಬೆವರಿನಲ್ಲೂ ಸಿಗುತ್ತದೆ. ಎದೆಬಡಿತದಲ್ಲೂ ಒಂದು ಗುಟ್ಟಿದೆ. ನಿರಾಳವಾಗಿರುವವರ ಎದೆ ಗಡಿಯಾರದ ಹಾಗೆ ಬಡಿಯುವುದಿಲ್ಲ. ಎರಡು ಬಡಿತಗಳ ನಡುವಿನ ಬಿಡುವು ಕೊಂಚ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಭಾರ ಬಿದ್ದಾಗ ಆ ಬಿಡುವು ಬಿಗಿಯಾಗುತ್ತದೆ. ಮಣಿ ಇವೆರಡನ್ನೂ ಅಳೆದು, ಅದರಲ್ಲಿ ಮೈಯ ದಣಿವನ್ನು ಕಳೆದು, ಉಳಿದದ್ದನ್ನು ಬಣ್ಣದಲ್ಲಿ ತೋರಿಸುತ್ತಿತ್ತು. ಹಸಿರೆಂದರೆ ಹಗುರ, ಹಳದಿಯೆಂದರೆ ಹೊರುವಷ್ಟು, ಕೆಂಪೆಂದರೆ ಸಾಕು.

ಆ ಸಣ್ಣ ಮಣಿಯಿಂದ ಎಷ್ಟೋ ರಸ್ತೆಗಳಲ್ಲಿ ಅಪಘಾತ ತಪ್ಪಿತ್ತು. ಮೇಷ್ಟ್ರುಗಳು ಮಕ್ಕಳ ಕೊರಳು ನೋಡಿ ಪರೀಕ್ಷೆ ಮುಂದಕ್ಕೆ ಹಾಕುತ್ತಿದ್ದರು. ಸಾಹೇಬರ ಎದುರು ಬಾಯಿ ಬಿಡಲಾರದ ನೌಕರನ ಪರವಾಗಿ ಮಣಿಯೇ ಮಾತಾಡುತ್ತಿತ್ತು. ಇಂದುಧರರಿಗೆ ತಮ್ಮ ಮಣಿಯ ಬಗ್ಗೆ ಒಂದು ಸಂಶಯವೂ ಇರಲಿಲ್ಲ. ಅಂಥ ನಿಶ್ಚಿಂತೆಯಿಂದಲೇ ಅವರು ಅಂದು ಸಂಡೂರಿನ ಕಡೆಗೆ ಹೊರಟಿದ್ದರು.

ಸಂಡೂರಿನ ಬೆಟ್ಟಗಳಾಚೆ ಅದಿರು ಮುಗಿದು ಬರಿದಾದ ಗಣಿಯೊಂದಿತ್ತು. ಪುಷ್ಕರಣಿಯ ಹಾಗೆ ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಆ ಕೆಂಪು ಹಳ್ಳದ ತಳದಲ್ಲಿ ಕಾರು ರೇಸಿನ ಪಥ ಮಾಡಿದ್ದರು. ಜನ ಮೆಟ್ಟಿಲುಗಳ ಮೇಲೆ ಕೂತು ನೋಡುತ್ತಿದ್ದರು. ಬ್ಯಾಟರಿಯಿಂದ ಓಡುವ ಆ ಕಾರುಗಳಿಗೆ ಸದ್ದು ಕಡಿಮೆ, ಓಟ ಮಾತ್ರ ಎದೆ ಝಲ್ಲೆನಿಸುವಂಥದ್ದು. ಅಲ್ಲಿಯ ‘ಬಿರುಗಾಳಿ’ ತಂಡದ ಯಜಮಾನ ವಿರೂಪಾಕ್ಷಗೌಡರು ಇಂದುಧರರನ್ನು ಕರೆಸಿದ್ದರು.

“ಡಾಕ್ಟ್ರ, ನಮ್ಮ ಹುಡುಗಿ ತಡ್ಕೊಳ್ತಾಳೋ ಇಲ್ಲೋ, ಅದೊಂದು ಹೇಳಿಬಿಡ್ರಿ,” ಎಂದರು ಗೌಡರು. “ವಾರದಿಂದ ಮಣಿ ಕೆಂಪು ಬಿಟ್ಟು ಇಳಿದಿಲ್ಲ. ಭಾನುವಾರ ಕಡೀ ರೇಸು. ಮುಂಜಾನಿ ರೇಸಿನ ಸಂಘದ ವೈದ್ಯರು ಬಂದು ನೋಡ್ತಾರ. ಕೆಂಪಿತ್ತಂದ್ರ ಈಕಿ ಕಾರಿನ್ಯಾಗ ಕೂಡಂಗಿಲ್ಲ. ಅಷ್ಟ ಅಲ್ಲ, ಮುಂದಿನ ವರ್ಷಕ್ಕ ತಂಡದ ಮುಂದಾಳು ಯಾರು ಅಂತ ಅವತ್ತ ಬರಕೊಡಬೇಕು. ಕೆಂಪು ಮಣಿಯಾಕಿ ಹೆಸರು ಹೆಂಗ ಬರೀಲಿ?”

ಹುಡುಗಿಯ ಹೆಸರು ಹುಲಿಗೆಮ್ಮ. ವಯಸ್ಸು ಇಪ್ಪತ್ತೊಂದು. ಅವ್ವ ದುರುಗಮ್ಮ ಮೆಣಸಿನಕಾಯಿ ಬಿಡಿಸುವ ಕೂಲಿ ಹೆಂಗಸರ ಗುಂಪಿನ ಮುಂದಾಳು. ಹುಲಿಗೆಮ್ಮ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿಸಿಕೊಂಡವಳು. ಈ ವರ್ಷದ ನಡುವಿನಲ್ಲಿ ಗೌಡರು ಹಳೆಯ ಮುಂದಾಳು ತಿಪ್ಪೇಶನನ್ನು ಎರಡನೆಯ ಕಾರಿಗೆ ಇಳಿಸಿ ಇವಳಿಗೆ ಮೊದಲನೆಯ ಕಾರು ಕೊಟ್ಟಿದ್ದರು. ರೇಸಿನಲ್ಲಿ ಮುಂದಾಳಾಗುವುದೆಂದರೆ ಬರೀ ಓಡಿಸುವುದಲ್ಲ. ಯಾವಾಗ ಟೈರು ಬದಲಿಸಬೇಕು, ಎಷ್ಟು ಚಾರ್ಜು ಉಳಿಸಬೇಕು, ಸೋತರೆ ಯಾರು ಮಾತಾಡಬೇಕು, ಎಲ್ಲವೂ ಆಕೆಯ ತಲೆಗೆ.

ತಿಪ್ಪೇಶ ಗೋಡೆಗೊರಗಿ ನಿಂತಿದ್ದ. “ನಾ ಐದು ವರ್ಷ ಮುಂದಾಳಾಗಿದ್ದೆ ಡಾಕ್ಟ್ರ. ಒಂದಿನಾ ನನ್ನ ಮಣಿ ಹಸಿರು ಬಿಟ್ಟಿಲ್ಲ. ಬೇಕಾದ್ರ ತಗದು ನೋಡ್ರಿ,” ಎಂದು ಮೀಸೆ ಸವರಿದ.

“ನೋಡ್ತೀನಪ್ಪಾ,” ಎಂದರು ಇಂದುಧರ.

ಅಭ್ಯಾಸದ ಓಟ ಶುರುವಾಯಿತು. ಇಂದುಧರರು ಪರದೆಯ ಮುಂದೆ ಕೂತರು. ಹುಲಿಗೆಮ್ಮ ಕಾರಿನೊಳಗಿದ್ದು ಕಡಿದಾದ ತಿರುವಿನಲ್ಲಿ ಗಾಳಿಯಂತೆ ಹೊರಳುವಾಗ ಮಣಿ ಕೆಂಪು ಬಿಟ್ಟು ಹಳದಿಗೆ, ಹಳದಿ ಬಿಟ್ಟು ಹಸಿರಿಗೆ ಇಳಿಯಿತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಕೆ ಕಾರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ತನ್ನ ಜನರ ನಡುವೆ ಬಂದಳು. ಮಣಿ ಕೆಂಪಾಯಿತು.

ಓಟಕ್ಕೆ ಹೆದರದವಳು ಮನುಷ್ಯರಿಗೆ ಹೆದರುತ್ತಾಳೆಯೇ?

ಊಟದ ಹೊತ್ತಿಗೆ ಅವರು ಆಕೆಯ ಪಕ್ಕದಲ್ಲಿ ತಟ್ಟೆ ಹಿಡಿದು ಕೂತರು.

“ಸಾಲಿಮಠ ಅಂದ್ರ ಮಠದ ಐನಾರೇನ್ರಿ? ಹಂಗಾದ್ರ ನಿಮ್ಮನ್ನ ಅಜ್ಜಾರ ಅಂತೀನಿ,” ಎಂದಳು ಹುಲಿಗೆಮ್ಮ. “ಅಜ್ಜಾರ, ಈ ಮಣೀನ ಸ್ವಲ್ಪ ಕುರುಡ ಮಾಡಾಕ ಬರಂಗಿಲ್ಲೇನ್ರಿ? ಒಂದ ದಿನದ ಮಟ್ಟಿಗೆ?”

“ನನ್ನ ಮಗಳಿದ್ದಂಗ ನೀನು. ಆದ್ರ ಅದು ನನ್ನ ಹೊಟ್ಟಿಪಾಡು ತಾಯಿ.”

ಆಕೆ ನಕ್ಕಳು. ಅಷ್ಟರಲ್ಲಿ ಟೈರು ಬದಲಿಸುವ ಹೊನ್ನೂರಪ್ಪ ಬಂದು ಆಕೆಯ ಕಿವಿಯಲ್ಲಿ ಏನೋ ಹೇಳಿದ. “ಅದು ನನಗಿರ್ಲಿ ಬಿಡಣ್ಣ, ನೀ ಉಣ್ಣಹೋಗು,” ಎಂದಳು. ಬ್ಯಾಟರಿ ನೋಡಿಕೊಳ್ಳುವ ಹುಡುಗಿ ಬಂದಳು. ಆಕೆಗೂ ಅದೇ ಮಾತು. ಒಬ್ಬರಾದ ಮೇಲೆ ಒಬ್ಬರು ಬಂದರು, ಹೇಳಿದರು, ಹಗುರಾಗಿ ಹೋದರು. ಈ ತಂಡದಲ್ಲಿ ಅದೊಂದು ರೂಢಿಯೇ ಆಗಿಹೋಗಿತ್ತು.

“ಎಲ್ಲಾರೂ ನಿನ್ನ ಹತ್ರನ ಬರ್ತಾರಲ್ಲವ್ವಾ,” ಎಂದರು ಇಂದುಧರ.

“ಮುಂದಾಳಂದ್ರ ಹಂಗ ಅಲ್ಲೇನ್ರಿ? ನಮ್ಮವ್ವನ ಗುಂಪಿನ್ಯಾಗ ಸಂಜಿಮುಂದ ಮೆಣಸಿನಕಾಯಿ ಚೀಲ ತಲಿಮ್ಯಾಲ ಹೊರಬೇಕು. ಒಬ್ಬಾಕಿಗೆ ತಾನ ಎತ್ತಿಕೊಳ್ಳಾಕ ಆಗಂಗಿಲ್ಲ, ಇನ್ನೊಬ್ಬಾಕಿ ಎತ್ತಿ ಹೊರಿಸಬೇಕು. ನಮ್ಮವ್ವ ಎಲ್ಲಾರಿಗೂ ಹೊರಿಸಿ ಕಳಿಸಾಕಿ. ಕಡೀಗೆ ಉಳ್ಯಾಕಿ ಆಕೀನ. ಆಕಿ ಚೀಲ ಎತ್ತಾಕ ಯಾರಿರತಿದ್ರು? ಬದುವಿನ ಮ್ಯಾಲ ಇಟ್ಟು, ತಾನ ಕುಂತು, ತಲಿಗೆ ಸರಿಸ್ಕೊಂಡು ಏಳತಿದ್ಲು. ಯಾರನ್ನೂ ಕರೀತಿದ್ದಿಲ್ಲ.” ಹೇಳುವಾಗ ಆಕೆಯ ಮುಖದಲ್ಲಿ ಬೆಳಕಿತ್ತು.

ಇಂದುಧರರು ತಟ್ಟೆ ಕೆಳಗಿಟ್ಟರು. ಮನಸ್ಸಿನಲ್ಲಿ ಏನೋ ಕದಲಿದಂತಾಯಿತು. ಇಷ್ಟು ವರ್ಷ ಅವರು ಒಂದು ಕೊರಳಿಗೆ ಒಂದು ಮಣಿ ಕಟ್ಟಿ, ಒಂದೊಂದನ್ನೂ ಬೇರೆ ಬೇರೆಯಾಗಿ ಓದಿದ್ದರು. ಬಾವಿಯ ನೀರು ಏರಿದ್ದನ್ನು ಅಳೆದವರು ಪಕ್ಕದ ಬಾವಿ ಬತ್ತಿತೇ ಎಂದು ಇಣುಕಿರಲಿಲ್ಲ. ಅವರು ಎದ್ದು ಹೋಗಿ ತಂಡದ ಎಲ್ಲರ ಮಣಿಗಳ ದಾಖಲೆಯನ್ನೂ ಒಂದೇ ಪರದೆಯ ಮೇಲೆ ತಂದರು. ಇವತ್ತಿನದು, ವರ್ಷದ ಮೊದಲಿನದು, ತಿಪ್ಪೇಶ ಮುಂದಾಳಾಗಿದ್ದಾಗಿನದು. ಎಲ್ಲ ಭಾರವನ್ನೂ ಕೂಡಿಸಿದರು. ಮೊತ್ತ ನೋಡಿ ಮತ್ತೊಮ್ಮೆ ಕೂಡಿಸಿದರು.

ಶನಿವಾರ ಮಧ್ಯಾಹ್ನ ಅವರು ಎಲ್ಲರನ್ನೂ ಪರದೆಯ ಮುಂದೆ ಕರೆದರು.

“ಇದು ತಿಪ್ಪೇಶಿ ಮುಂದಾಳಾಗಿದ್ದಾಗಿನ ಚಿತ್ರ,” ಎಂದರು. ನಡುವೆ ಒಂದು ಹಸಿರು ಚುಕ್ಕೆ; ಸುತ್ತ ಕೆಂಪು, ಕೆಂಪು, ಹಳದಿ, ಕೆಂಪು. “ಇದು ಈಗಿನದು.” ನಡುವೆ ಒಂದು ಕೆಂಪು ಚುಕ್ಕೆ, ಸುತ್ತಲೂ ಹಸಿರು. “ಎಲ್ಲಾ ಕೂಡಿಸಿದ್ರ ಆವಾಗ ಒಂದು ಮೂಟಿ ಭಾರ ಇತ್ತು. ಈಗ ಅರ್ಧ ಮೂಟಿ ಆಗೇತಿ. ಆದ್ರ ಆ ಅರ್ಧ ಮೂಟಿ ಒಂದ ಕೊರಳಾಗೈತಿ.”

ಗೌಡರು ಪರದೆಯ ಹತ್ತಿರ ಬಂದು ಆ ಒಂಟಿ ಕೆಂಪು ಚುಕ್ಕೆಯನ್ನು ನೋಡಿದರು.

“ಅಂದ್ರ,” ಎಂದ ಹೊನ್ನೂರಪ್ಪ ನಿಧಾನವಾಗಿ, ತನ್ನ ಕೊರಳನ್ನು ಮುಟ್ಟಿಕೊಂಡು, “ನನ್ನ ಮಣಿ ಹಸಿರಿರೋದು ಈಕಿದು ಕೆಂಪಾಗಿದ್ದಕ್ಕೇನ್ರಿ?”

“ಹೌದಪ್ಪಾ.”

ಹಿಂದಿನ ರೇಸಿನಲ್ಲಿ ಹುಲಿಗೆಮ್ಮನ ಕಾರಿನ ಗಾಲಿಯೊಂದು ಕಳಚಿ ಹಾರಿಹೋಗಿತ್ತು. ಗೆಲ್ಲುವ ರೇಸು ಮಣ್ಣುಗೂಡಿತ್ತು. ವರದಿಗಾರರ ಮುಂದೆ ಆಕೆ, ಬೋಲ್ಟು ಬಿಗಿಯುವ ಮುಂಚೆ ನಾನೇ ಅವಸರ ಮಾಡಿ ಹೊರಟೆ ಎಂದಿದ್ದಳು. ನಿಜ ಹಾಗಿರಲಿಲ್ಲ. ಊರೆಲ್ಲ ಆಕೆಯನ್ನು ಆಡಿಕೊಂಡಿತ್ತು. ಹೊನ್ನೂರಪ್ಪ ಅಂದಿನಿಂದ ಸುಖವಾಗಿ ನಿದ್ದೆ ಮಾಡುತ್ತಿದ್ದ.

ಆತ ಏನೂ ಹೇಳದೆ ಹೊರಗೆ ನಡೆದ. ಅಂಗಳದಲ್ಲಿ ಕ್ಯಾಮೆರಾ ಹಿಡಿದು ಕಾದಿದ್ದವರ ಎದುರು ನಿಂತು, “ಅವತ್ತು ಆ ಬೋಲ್ಟು ನಾ ಬಿಗಿಸಿದ್ದಿಲ್ಲ. ಬಿಗಿಸೀನಿ ಅಂತ ಕೈ ಎತ್ತಿದೆ. ಈಕೀದು ತಪ್ಪಿಲ್ಲ,” ಎಂದ. ಹೇಳುವಾಗ ಆತನ ಮಣಿ ಧಗ್ಗೆಂದು ಕೆಂಪಾಯಿತು. ಹೇಳಿ ಮುಗಿಸಿ ಒಳಗೆ ಬಂದು ನೀರು ಕುಡಿಯುವಷ್ಟರಲ್ಲಿ ಹಳದಿಯಾಯಿತು.

ಹುಲಿಗೆಮ್ಮ ಸಿಟ್ಟಿನಿಂದ ಕುದಿಯುತ್ತಿದ್ದಳು. “ಯಾಕ ತೋರಿಸಿದ್ರಿ ಅಜ್ಜಾರ? ನನ್ನ ಮರ್ಯಾದಿ ತಗದ್ರಿ. ಇವರಿಗೆ ಹಂಚಿ ನಾ ಗೆಲ್ಲಬೇಕೇನು? ಮತ್ತ ನಾ ಯಾತರ ಮುಂದಾಳು?”

ಮಣಿ ಕೆಂಪಾಗಿಯೇ ಉಳಿಯಿತು. ಹೊನ್ನೂರಪ್ಪ ತನ್ನದನ್ನು ಹೊತ್ತರೂ ಉಳಿದ ಭಾರವನ್ನು ಆಕೆ ಬಿಟ್ಟುಕೊಡಲು ಸಿದ್ಧಳಿರಲಿಲ್ಲ. ಇದಕ್ಕೆ ಇಂದುಧರರ ಬಳಿ ಯಾವ ಸೂತ್ರವೂ ಇರಲಿಲ್ಲ.

ಭಾನುವಾರ ಮುಂಜಾನೆ ದುರುಗಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಜೋಳದ ರೊಟ್ಟಿ, ಕೆಂಪು ಚಟ್ನಿ. ಮಗಳ ಕೊರಳು ನೋಡಿ, “ಇದೇನ ಇದು, ನಮ್ಮ ಹೊಲದ ಕಾಯಿಗಿಂತ ಕೆಂಪಗೈತಿ!” ಎಂದಳು. ಯಾರೋ ಓಡಿಹೋಗಿ ಬುಟ್ಟಿ ಇಳಿಸಿಕೊಂಡರು. ಇಂದುಧರರು ನಡೆದದ್ದನ್ನು ಹೇಳಿದರು. ಬದುವಿನ ಮೇಲೆ ಚೀಲವಿಟ್ಟು ಒಬ್ಬಳೇ ಎತ್ತಿಕೊಳ್ಳುವ ಅವ್ವನ ಕತೆಯನ್ನೂ ಹೇಳಿದರು.

ದುರುಗಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಯಾರು ಹೇಳಿದ್ರು ನಿಮಗ? ಈಕೀನಾ? ಈಕಿ ಮೊಣಕಾಲುದ್ದ ಇದ್ಲು. ತನ್ನ ಸಣ್ಣ ಗಂಟು ತಲಿಮ್ಯಾಲ ಬಿದ್ದ ಕೂಡಲೇ ಊರ ಕಡೆ ಓಟ. ಹಿಂದ ತಿರುಗಿ ನೋಡಿದಾಕಿ ಅಲ್ಲ. ಒಂದ ಸಲ ಮಾತ್ರ ನಾ ಒಬ್ಬಾಕೀನ ಎತ್ತಿಕೊಂಡು ಟೊಂಕ ಹಿಡಕೊಂಡಿತ್ತು, ಅದನ್ನ ನೋಡಿರಬೇಕು. ದಿನಾ ಹಂಗ ಮಾಡಿದ್ರ ನಾ ಇಷ್ಟೊತ್ತಿಗೆ ಇರತಿದ್ನೇನ್ರಿ?”

“ಮತ್ತ?” ಎಂದಳು ಹುಲಿಗೆಮ್ಮ.

“ಮತ್ತೇನು? ಹೊರಿ ಹೊತ್ತ ಇಬ್ಬರು ಹೆಂಗಸರು ಬದುವಿಗೆ ಒಂದ ಕೈ ಊರಿ, ಇನ್ನೊಂದ ಕೈಲೆ ನನ್ನ ಚೀಲಕ್ಕ ಆಸರ ಕೊಡತಿದ್ರು. ತಲಿಮ್ಯಾಲ ಹೊರಿ ಇದ್ದಾಕಿಗೂ ಒಂದ ಕೈ ಬಿಡುವಿರತೈತಲ್ಲ. ಕಡೇ ಚೀಲ ಏರಿದ ಮ್ಯಾಲ ಎಲ್ಲಾರೂ ಕೂಡಿ ನಡೀತಿದ್ವಿ. ಕಡೇಯಾಕೀನ ಬಿಟ್ಟು ಹೋದ್ರ ಅದೆಂಥ ಗುಂಪವ್ವಾ?”

ಹುಲಿಗೆಮ್ಮ ಅವ್ವನ ಮುಖವನ್ನೇ ನೋಡುತ್ತ ನಿಂತಳು. ಹದಿನೈದು ವರ್ಷ ಎದೆಯಲ್ಲಿಟ್ಟುಕೊಂಡು ಪೂಜಿಸಿದ ಚಿತ್ರ ಅದು. ಅದರಲ್ಲಿ ಇನ್ನಿಬ್ಬರು ಹೆಂಗಸರು ಇದ್ದರೆಂದು ಆಕೆಗೆ ತಿಳಿದಿರಲೇ ಇಲ್ಲ. ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಚಟ್ನಿಯ ಖಾರ ನೆವವಾಯಿತು.

ಕಾರಿಗೆ ತೆಂಗಿನಕಾಯಿ ಒಡೆದ ಮೇಲೆ ತಂಡದವರು ರೂಢಿಯಂತೆ ಆಕೆಯ ಸುತ್ತ ಸೇರಿದರು. ಈ ಸಲ ಮೊದಲು ಮಾತಾಡಿದವಳು ಆಕೆ.

“ನನಗ ಹೆದರಿಕಿ ಆಗೇತಿ,” ಎಂದಳು. “ಚಾರ್ಜು ಲೆಕ್ಕ ಹಾಕೋದು, ತಿರುವು ನೋಡೋದು, ಹಿಂದಿನವರನ್ನ ನೋಡೋದು, ಎಲ್ಲಾ ಒಮ್ಮೆಲೆ ನನಗ ಆಗವಲ್ದು.”

ತಿಪ್ಪೇಶ ಒಂದು ಹೆಜ್ಜೆ ಮುಂದೆ ಬಂದ. ನಿನ್ನೆಯಿಂದ ಆತ ಮೀಸೆ ಮುಟ್ಟಿರಲಿಲ್ಲ. “ಚಾರ್ಜಿನ ಲೆಕ್ಕ ನನಗ ಕೊಡು. ನಾ ನಿನ್ನ ಹಿಂದ ಇರ್ತೀನಿ, ರೇಡಿಯೋದಾಗ ಹೇಳ್ತೀನಿ. ನೀ ಬರೇ ಓಡಿಸು. ನಾ ತಪ್ಪು ಹೇಳಿದ್ರ ತಪ್ಪು ನಂದು.”

“ಗಾಲಿ ನಂದು,” ಎಂದ ಹೊನ್ನೂರಪ್ಪ. “ಎರಡು ಸಲ ನೋಡ್ತೀನಿ.”

“ಬ್ಯಾಟರಿ ಬಿಸಿಯಾದ್ರ ನಾ ಒದರ್ತೀನಿ ಅಕ್ಕಾ,” ಎಂದಳು ಆ ಹುಡುಗಿ.

“ಪತ್ರಿಕೆಯವರನ್ನ ನಾ ನೋಡ್ಕೊಳ್ತೀನಿ ಬಿಡವಾ,” ಎಂದರು ಗೌಡರು. “ಸೋತ್ರ ಬೈಸಿಕೊಳ್ಳಾಕ ಯಜಮಾನ ಇರಬೇಕಲ್ಲ, ಇಲ್ಲಾಂದ್ರ ನಾ ಯಾಕ?” ಎಲ್ಲರೂ ನಕ್ಕರು.

ಇಂದುಧರರು ಪರದೆಯತ್ತ ನೋಡುತ್ತಿದ್ದರು. ನಡುವಿನ ಕೆಂಪು ಚುಕ್ಕೆ ಮಾಸುತ್ತ ಬಂತು. ಸುತ್ತಲಿನ ಹಸಿರುಗಳೂ ಒಂದೊಂದಾಗಿ ಬಣ್ಣ ಬದಲಿಸಿದವು. ಕೊನೆಗೆ ಇಡೀ ಪರದೆ ಮಾಗಿದ ಜೋಳದ ಹೊಲದಂತೆ ಹಳದಿಯಾಯಿತು. ಒಂದೂ ಕೆಂಪಿಲ್ಲ, ಒಂದೂ ಹಸಿರಿಲ್ಲ. ಅಂಥ ಚಿತ್ರವನ್ನು ಅವರು ತಮ್ಮ ಬದುಕಿನಲ್ಲಿ ಕಂಡಿರಲಿಲ್ಲ. ಎಲ್ಲವನ್ನೂ ಕೂಡಿಸಿ ನೋಡಿದರು. ಮೊತ್ತ ನಿನ್ನೆಗಿಂತಲೂ ಕಡಿಮೆ ಇತ್ತು. ಹಂಚಿದರೆ ಅಷ್ಟೇ ಉಳಿಯಬೇಕು ಎಂಬುದು ಗಣಿತ. ಇಲ್ಲಿ ಹಂಚುವಾಗ ಒಂದಷ್ಟು ಎಲ್ಲಿಗೋ ಹೋಗಿತ್ತು. ಎಲ್ಲಿಗೆ ಹೋಯಿತೆಂದು ಹುಡುಕಲು ಅವರು ಹೋಗಲಿಲ್ಲ. ಶಿವನೇ ಒಂದು ಕೈ ಹಚ್ಚಿರಬೇಕು ಎಂದುಕೊಂಡು ಕಣ್ಣು ಮುಚ್ಚಿದರು.

ಸಂಘದ ವೈದ್ಯರು ಬಂದು ಹುಲಿಗೆಮ್ಮನ ಕೊರಳು ನೋಡಿ, ಸಹಿ ಹಾಕಿ, ಹೋದರು.

ರೇಸು ನಡೆಯಿತು. ಅಂದಿನ ಓಟವನ್ನು ಆ ಕಡೆಯ ಜನ ಆಮೇಲೂ ಬಹಳ ಕಾಲ ನೆನೆಯುತ್ತಿದ್ದರು. ಹುಲಿಗೆಮ್ಮ ಎಂಟನೆಯ ಸ್ಥಾನದಿಂದ ಹೊರಟು ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದಳು. ಟೈರು ಬದಲಿಸುವಾಗ ಹೊನ್ನೂರಪ್ಪ ಕೈ ಎತ್ತಿದ್ದು ಬೇರೆಯವರಿಗಿಂತ ಒಂದು ಉಸಿರು ತಡವಾಗಿ. ಆದರೆ ಗಾಲಿ ಬೆಟ್ಟದಂತೆ ಗಟ್ಟಿಯಾಗಿತ್ತು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಕಾರಿಗೂ ಇವಳಿಗೂ ಒಂದು ಮಾರು ಅಂತರ.

“ಈಗ ಒತ್ತಲೇನಣ್ಣ?” ಎಂದು ಕೇಳಿದಳು ರೇಡಿಯೋದಲ್ಲಿ.

“ಬ್ಯಾಡ. ಒತ್ತಿದ್ರ ಗೆರಿ ಮುಟ್ಟಾಕ ಚಾರ್ಜು ಸಾಲಂಗಿಲ್ಲ. ನನ್ನ ಮಾತು ಕೇಳು ತಂಗಿ.”

ಕೇಳಿದಳು. ಎರಡನೆಯವಳಾಗಿ ಗೆರೆ ದಾಟಿದಳು. ತಂಡದ ಕಾರು ನಿಲ್ಲುವ ಜಾಗಕ್ಕೆ ಬಂದಾಗ ಬ್ಯಾಟರಿಯಲ್ಲಿ ಉಳಿದಿದ್ದುದು ಒಂದು ದೀಪ ಹೊತ್ತಿಸುವಷ್ಟು ಮಾತ್ರ. ‘ಬಿರುಗಾಳಿ’ಯ ಚರಿತ್ರೆಯಲ್ಲೇ ಅಷ್ಟು ಮುಂದೆ ಯಾರೂ ಬಂದಿರಲಿಲ್ಲ. ಗಣಿಯ ಮೆಟ್ಟಿಲುಗಳ ಮೇಲಿದ್ದ ಸಾವಿರಾರು ಜನ ಎದ್ದು ನಿಂತು ಕೂಗಿದ ಕೂಗಿಗೆ ಕೆಂಪು ಧೂಳು ಏಳುವಂತಿತ್ತು. ಗೌಡರು ಅಲ್ಲಿಯೇ, ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಮುಂದಿನ ವರ್ಷದ ಮುಂದಾಳು ಎಂದು ಹುಲಿಗೆಮ್ಮನ ಹೆಸರು ಬರೆದರು.

“ಎರಡನೇ ನಂಬರಂತ,” ಎಂದಳು ದುರುಗಮ್ಮ ಇಂದುಧರರಿಗೆ, ಮುಖ ಊದಿಸಿಕೊಂಡು. “ಮೊದಲನೇ ನಂಬರ್ ಬಂದಾಕಿ ಯಾರ ಮಗಳಂತ್ರಿ?” ಕಣ್ಣು ಮಾತ್ರ ಮಗಳ ಮೇಲೇ ಇತ್ತು. ಆ ಕಣ್ಣಿನ ಹೆಮ್ಮೆಯನ್ನು ಅಳೆಯುವ ಮಣಿಯನ್ನು ಇಂದುಧರರು ಮಾಡಿರಲಿಲ್ಲ. ಮಾಡುವ ಆಸೆಯೂ ಅವರಿಗೆ ಆಗಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಅವರು ಒಂಟಿ ಮಣಿ ಮಾರುವುದನ್ನು ನಿಲ್ಲಿಸಿದರು. ಬೇಕೆಂದವರು ಇಡೀ ಮನೆಗೆ, ಇಡೀ ಕಚೇರಿಗೆ, ಇಡೀ ಶಾಲೆಗೆ ಒಟ್ಟಿಗೇ ತೆಗೆದುಕೊಳ್ಳಬೇಕು; ಎಲ್ಲರ ಬಣ್ಣವನ್ನೂ ಎಲ್ಲರೂ ಒಂದೇ ಪರದೆಯ ಮೇಲೆ ನೋಡಬೇಕು. ಮೊದಮೊದಲು ಜನ ಒಪ್ಪಲಿಲ್ಲ. ಸದಾ ಹಸಿರಾಗಿರುವ ಸಾಹೇಬರಿಗೆ ಅದು ಸರಿಬರಲಿಲ್ಲ. ಆಮೇಲೆ ನಿಧಾನವಾಗಿ ಒಂದು ಹೊಸ ನಡವಳಿಕೆ ಬೆಳೆಯಿತು. ಕೆಲಸಕ್ಕೆ ಆಳನ್ನು ಹುಡುಕುವವರು ‘ಇವನು ಒತ್ತಡ ತಾಳುತ್ತಾನೆಯೇ’ ಎಂದು ಕೇಳುವುದನ್ನು ಬಿಟ್ಟು, ‘ಇವನ ಸುತ್ತಲಿದ್ದವರ ಬಣ್ಣ ಹೇಗಿತ್ತು’ ಎಂದು ಕೇಳತೊಡಗಿದರು. ಮೀಸೆ ತಿರುವುವ ನಿರಾಳ ಮುಖಗಳಿಗೆ ಇದ್ದ ಬೆಲೆ ಇಳಿಯಿತು.

ಆ ಮಣಿ ಇನ್ನೂ ಹುಟ್ಟಿಲ್ಲ. ಅದನ್ನು ಮಾಡುವವರು ಈಗ ಯಾವುದೋ ಓಣಿಯಲ್ಲಿ ಗೋಲಿ ಆಡುತ್ತಿರಬಹುದು. ಅಲ್ಲಿಯವರೆಗೆ ನಮಗಿರುವುದು ಬರೀ ಕಣ್ಣು. ಇವತ್ತು ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ನೀವು ಹಗುರಾಗಿ ನಗುತ್ತ ಮೊದಲ ತುತ್ತು ಎತ್ತುವ ಮುನ್ನ, ಒಂದು ಸಲ ತಲೆಯೆತ್ತಿ ನೋಡಿ: ಇನ್ನೂ ಕೂತಿಲ್ಲದವರು ಯಾರು?